ಅತ್ತೆ ಸೇರಿದ ಹಗುರ ಮತ

ನಮ್ಮ ಅಡುಗೆಮನೆಯಲ್ಲಿ ಹಿಟ್ಟು, ಸಕ್ಕರೆ ತೂಗಲೆಂದು ತಂದಿಟ್ಟ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯೊಂದಿದೆ. ಈಗ ಅದರ ಮೇಲೆ ಹಿಟ್ಟು ಸಕ್ಕರೆ ಬಿಟ್ಟು ಉಳಿದದ್ದೆಲ್ಲ ಕೂರುತ್ತದೆ. ಒಂದು ಬೆಳಗ್ಗೆ ಮಗುವಿಗೆ ಗಂಜಿ ಕಾಯಿಸಲು ಹೋದರೆ ನಮ್ಮತ್ತೆಯ ಒಳಬಟ್ಟೆ ಅದರ ಮೇಲೆ ಕೂತಿತ್ತು. ಪಕ್ಕದಲ್ಲಿ ಸರದಿ ಕಾಯುತ್ತಿದ್ದವು ಒಂದು ಜೊತೆ ಕಾಲುಚೀಲ, ಒಂದು ಬಾಚಣಿಗೆ, ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ಹಾಕಿದ ಹಲ್ಲುಜ್ಜುವ ಬ್ರಷ್ಷು.

“ಅತ್ತೆ, ಇದರ ಮೇಲೆ ನಾನು ಮಗೂಗೆ ಹಿಟ್ಟು ತೂಗ್ತೀನಿ.”

“ಒಗ್ದಿರೋದೇ ಕಣೇ.”

“ಬ್ರಷ್ಷಿಗೇನಾಯ್ತು?”

“ಏನಾಗ್ಬೇಕು? ಹಲ್ಲಿರೋದು ಬಾಯೊಳಗೆ. ಹಿಡಿ ಇರೋದು ಬಾಯಿ ಹೊರಗೆ. ಹೊರಗಿರೋದನ್ನ ನಾನ್ಯಾಕೆ ಬೆನ್ನ ಮೇಲೆ ಹೊರ್ಲಿ?”

ಒಳಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಅವರ ಕೈಗಿತ್ತೆ. ಅವರು ಅದರ ತೂಕವನ್ನು ಬಾಯಲ್ಲೇ ಜಪಿಸುತ್ತಾ, ಎಲ್ಲಿ ಮರೆತುಹೋದೀತೋ ಎಂದು ತಮ್ಮ ಕೋಣೆಗೆ ಓಡಿದರು.

ನಮ್ಮತ್ತೆ ಹುಟ್ಟಾ ಹೀಗಿದ್ದವರಲ್ಲ. ಅರವತ್ತು ದಾಟುವವರೆಗೆ ಅವರು ಒಂದು ರಾತ್ರಿಯನ್ನೂ ಸ್ವಂತ ಹಾಸಿಗೆ ಬಿಟ್ಟು ಕಳೆದವರಲ್ಲ. ಊರ ಹೊರಗೆ ಕಲ್ಲು ಕ್ವಾರಿಗೆ ಹೋಗುವ ರಸ್ತೆಯಲ್ಲಿ ಒಂದು ವೇಬ್ರಿಡ್ಜ್ ಇದೆ. ನೆಲಕ್ಕೆ ಸಮನಾಗಿ ಹಾಸಿದ ದೊಡ್ಡ ಕಬ್ಬಿಣದ ಹಲಗೆ. ಅದರ ಮೇಲೆ ಲಾರಿ ಬಂದು ನಿಲ್ಲಬೇಕು, ಪಕ್ಕದ ಗೂಡಿನಂಥ ಕೋಣೆಯ ಕಿಟಕಿಯಿಂದ ತೂಕದ ಚೀಟಿ ಪಡೆದು ಮುಂದೆ ಹೋಗಬೇಕು. ಮಾವ ತೀರಿಕೊಂಡಾಗ ನನ್ನ ಗಂಡ ಇನ್ನೂ ಶಾಲೆಗೆ ಹೋಗುವ ಹುಡುಗ. ಆ ವರ್ಷವೇ ಅತ್ತೆ ಆ ಗೂಡಿನೊಳಗೆ ಕೂತರು. ಎದ್ದದ್ದು ನಿವೃತ್ತಿಯ ದಿನವೇ. ಎಲ್ಲೆಲ್ಲಿಯ ಲಾರಿಗಳೋ ಬರುತ್ತಿದ್ದವು. ಸಮುದ್ರದ ಕಡೆಯವು, ಗಡಿಯ ಆಚೆಯವು, ಗಾಜಿಗೆಲ್ಲ ಕೆಂಪು ಧೂಳು ಮೆತ್ತಿದವು. ಚಾಲಕರು ಇವರಿಗೆ ‘ಅಕ್ಕಾ’ ಎಂದು ಕೂಗಿ ಚೀಟಿ ಇಸಿದುಕೊಂಡು ಹೋಗುತ್ತಿದ್ದರು. ಇವರು ಮಾತ್ರ ಅಲ್ಲೇ. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವರ ದನಿ ಎಂಥದಾಗಿದೆಯೆಂದರೆ, ಮಗುವನ್ನು ಮಲಗಿಸಲು ಹಾಡಿದರೆ ಬೀದಿಯಲ್ಲಿ ಗಾಡಿ ಹಿಂದಕ್ಕೆ ತೆಗೆಯುವವರು ಬ್ರೇಕ್ ಹಾಕುತ್ತಾರೆ.

ನಿವೃತ್ತಿಯಾದ ಮೇಲೆ ಮೊಮ್ಮಗಳನ್ನು ಆಡಿಸಿಕೊಂಡು ಇರುತ್ತಾರೆ ಎಂದು ನಾವಂದುಕೊಂಡಿದ್ದೆವು. ಇದ್ದರು ಕೂಡ. ಮಹಡಿಯ ಕೋಣೆಗೆ ಗಡ್ಡ ಬಾಡಿಗೆಗೆ ಬರುವ ತನಕ.

ಗಡ್ಡ ಎಂದರೆ ಒಬ್ಬ ಹುಡುಗ. ಮುಖದ ಮುಕ್ಕಾಲು ಭಾಗ ಗಡ್ಡವೇ ಆದ್ದರಿಂದ ಆ ಹೆಸರು. ಕಂಪ್ಯೂಟರಿನ ಮುಂದೆ ಕೂತು ಯಾರದೋ ಅಂಗಡಿಗಳ ಲೆಕ್ಕ ನೋಡಿಕೊಡುತ್ತಿದ್ದ. ಬೆನ್ನಿನ ಮೇಲೊಂದು ಚೀಲ ಹೊತ್ತು ಬಂದ. ಮಂಚ ಬೇಡ ಎಂದ, ಕುರ್ಚಿ ಬೇಡ ಎಂದ. ಅತ್ತೆಗೆ ಅನುಮಾನ ಬಂತು. “ಸಾಮಾನೇ ಇಲ್ದೋನು ಯಾವತ್ತು ಬೇಕಾದ್ರೂ ಪರಾರಿ ಆಗ್ತಾನೆ ಕಣೇ, ಕೇಳ್ಕೊಂಡು ಬರ್ತೀನಿ,” ಎಂದು ಮೆಟ್ಟಿಲು ಹತ್ತಿ ಹೋದರು. ಹೋದವರು ಊಟದ ಹೊತ್ತಾದರೂ ಇಳಿಯಲಿಲ್ಲ.

ನಡೆದದ್ದಿಷ್ಟು. ಆ ಹುಡುಗ ತನ್ನ ಚೀಲವನ್ನು ಬಿಚ್ಚಿ ಒಂದೊಂದನ್ನೂ ಚಾಪೆಯ ಮೇಲೆ ಹರಡಿ ತೋರಿಸಿದ್ದ. ಮನೆ, ಹಾಸಿಗೆ, ಒಲೆ, ಪಾತ್ರೆ ಎಲ್ಲ ಅದರೊಳಗೇ. ಅತ್ತೆ ಇಡೀ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, “ಎಷ್ಟಪ್ಪಾ ಇದರ ತೂಕ?” ಎಂದರು. ಅವನು ಒಂದಿಷ್ಟೂ ತಡವರಿಸದೆ ಗ್ರಾಮುಗಳ ಸಮೇತ ಹೇಳಿದ. ತನ್ನ ಭಾರ ತನಗೆ ಗೊತ್ತಿರುವ ಮನುಷ್ಯನನ್ನು ನಮ್ಮತ್ತೆ ಜೀವನದಲ್ಲಿ ಮೊದಲ ಸಲ ಕಂಡಿದ್ದರು. ಲಾರಿಯವರೆಲ್ಲ ಸುಳ್ಳು ಹೇಳುತ್ತಿದ್ದವರೇ ತಾನೇ. ಕೆಳಗಿಳಿದು ಬಂದಾಗ ಅವರ ಕಣ್ಣು ಬೇರೆಯೇ ಆಗಿತ್ತು.

“ಮನುಷ್ಯಂಗೆ ಎಷ್ಟು ಬೇಕು ಅಂತ ಆ ಹುಡ್ಗನ್ನ ನೋಡಿ ಕಲೀಬೇಕು,” ಎಂದು ನನ್ನ ಪಾತ್ರೆಗಳ ಸಾಲನ್ನು ಕನಿಕರದಿಂದ ನೋಡಿದರು.

ಅಂದಿನಿಂದ ನಮ್ಮ ಮನೆಗೆ ಒಂದು ಮತ ಕಾಲಿಟ್ಟಿತು. ಮತ ಎಂದೇ ಕರೆಯುತ್ತೇನೆ, ಬೇರೆ ಏನೆನ್ನಲಿ? ಭಾನುವಾರ ಭಾನುವಾರ ಭಕ್ತರು ನಮ್ಮ ನಡುಮನೆಯಲ್ಲಿ ಸೇರುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಮತ್ತು ಅವಳ ಇಬ್ಬರು ಗೆಳತಿಯರು, ಗಣಿತದ ಮೇಷ್ಟ್ರೊಬ್ಬರು, ಗಡ್ಡದ ಸ್ನೇಹಿತರಾದ ಇನ್ನೂ ನಾಲ್ಕಾರು ಗಡ್ಡಗಳು. ಇವರಿಗೆ ಸ್ವರ್ಗ ನರಕ ಎರಡೂ ಇವೆ. ನಡೆದು ಹೋದವರಿಗೆ ಸ್ವರ್ಗ, ಕಾರಿನಲ್ಲಿ ಹೋದವರಿಗೆ ನರಕ, ಬಸ್ಸಿನಲ್ಲಿ ನಿಂತು ಹೋದವರಿಗೆ ನಡುವೆ ಎಲ್ಲೋ ಒಂದು ಜಾಗ. ಇವರ ಬಾಯಲ್ಲಿ ಅತ್ಯಂತ ಕೆಟ್ಟ ಬೈಗುಳ ‘ಟೂರಿಸ್ಟ್’. ಚಕ್ರವಿರುವ ಸೂಟ್‌ಕೇಸ್ ಮುಟ್ಟಿದರೆ ಮೈಲಿಗೆ. ಒಂದೇ ಅಂಗಿಯಲ್ಲಿ ಒಂದು ಚಳಿಗಾಲ ಕಳೆದ ಯಾರೋ ಮಹಾನುಭಾವನ ಕತೆ ಬಂದರೆ ಎಲ್ಲರೂ ಒಂದು ಕ್ಷಣ ತಲೆ ತಗ್ಗಿಸುತ್ತಾರೆ. ನಾನೂ ತಗ್ಗಿಸುತ್ತೇನೆ, ಆ ಅಂಗಿಯನ್ನು ಕೊನೆಗೆ ಒಗೆದವಳನ್ನು ನೆನೆದು. ಎಲ್ಲವನ್ನೂ ಬಿಟ್ಟವರು ಇವರು. ಆದರೆ ಬಿಟ್ಟು ಹೋಗಲು ಬೇಕಾದ ಸಾಮಾನು ಕೊಳ್ಳುವುದಕ್ಕೆ ಇವರಷ್ಟು ಅಂಗಡಿ ಅಲೆಯುವವರನ್ನು ನಾನು ಕಂಡಿಲ್ಲ. ಭಾನುವಾರ ನಡುಮನೆಗೆ ಬಂದ ವಾಸನೆ ಬುಧವಾರದವರೆಗೂ ಅಲ್ಲೇ ಬೀಡು ಬಿಟ್ಟಿರುತ್ತದೆ.

“ಅಕ್ಕ, ಮುಂದಿನ ತಿಂಗ್ಳು ನಾನು ಹೊರಡ್ತೀನಿ,” ಎಂದು ಗಡ್ಡ ಒಮ್ಮೆ ಗಂಭೀರವಾಗಿ ಹೇಳಿದ. “ನನ್ನನ್ನ ನಾನು ಹುಡುಕ್ಕೊಳ್ಬೇಕು.”

“ಹುಡುಕೋದೇನು, ಮಹಡಿ ಮೇಲೆ ನೀರಿನ ನಲ್ಲಿ ತೆರೆದಿಟ್ಟು ಬಂದಿದ್ದೀಯ ನೋಡು, ಅಲ್ಲೇ ಸಿಗ್ತೀಯ,” ಎಂದೆ. ಅವನು ಓಡಿದ.

ನನ್ನ ಗೋಳು ನನಗೆ. ಮಗಳಿಗೆ ಒಂದೂವರೆ ವರ್ಷ, ಅತ್ತೆ ಅವಳನ್ನು ‘ಇಲಿಮರಿ’ ಎನ್ನುತ್ತಾರೆ. ಆ ಇಲಿಮರಿಯನ್ನು ಎತ್ತಿಕೊಂಡು ಬೀದಿಯ ತುದಿಗೆ ಹೋಗಬೇಕಾದರೂ ನಾನು ಒಂದು ಚೀಲ ಹೊರಬೇಕು. ಡೈಪರು, ಒರೆಸುವ ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಎರಡು ಜೊತೆ ಬಟ್ಟೆ, ಕಿವಿ ಕಿತ್ತುಹೋದ ಬಟ್ಟೆಯ ಮೊಲ, ಜ್ವರದ ಔಷಧಿ. ಅತ್ತೆ ಆ ಚೀಲವನ್ನು ತಕ್ಕಡಿಗೆ ಹಾಕಲು ನೋಡಿದರು, ತಕ್ಕಡಿ ‘ಆಗುವುದಿಲ್ಲ’ ಎಂದು ಕೆಂಪು ದೀಪ ತೋರಿಸಿತು.

“ಈ ವಯಸ್ಸಿಗೇ ಇಷ್ಟು ಲಗೇಜಾ ಇವಳಿಗೆ?” ಎಂದರು ಮೊಮ್ಮಗಳ ಭವಿಷ್ಯದ ಬಗ್ಗೆ ನಿಜಕ್ಕೂ ಚಿಂತೆಯಾದವರಂತೆ. “ಈ ಮೊಲ ಇಲ್ದಿದ್ರೆ ಏನಾಗುತ್ತೆ?”

“ನೀವೇ ಒಂದಿನ ಮೊಲ ಇಲ್ದೆ ಮಲಗ್ಸಿ ನೋಡಿ.”

ನೋಡಿದರು. ಮರುದಿನ ಬೆಳಗ್ಗೆ ಕೆಂಪಗಾದ ಕಣ್ಣಲ್ಲಿ ಬಂದು ಮೊಲವನ್ನು ತಾವಾಗಿಯೇ ಚೀಲಕ್ಕೆ ತುರುಕಿದರು. ಮತದಲ್ಲಿ ಅದಕ್ಕೊಂದು ವಿನಾಯಿತಿ ಸಿಕ್ಕಿತು.

ಇವರ ಮತದಲ್ಲಿ ‘ದೊಡ್ಡ ನಡಿಗೆ’ ಎಂಬುದೊಂದಿದೆ. ಒಂದು ವಾರ ಬೆಟ್ಟದ ಸಾಲಿನ ಮೇಲೆ ನಡೆದು ಆಚೆಯ ಕಣಿವೆಗೆ ಇಳಿಯುವುದು. ಅದನ್ನು ಮುಗಿಸಿದವರೇ ಪೂರ್ತಿ ಭಕ್ತರು, ಉಳಿದವರು ಬರೀ ಹೊಸಬರು. ಅತ್ತೆ ಒಂದು ರಾತ್ರಿಯ, ಎರಡು ರಾತ್ರಿಯ ಸಣ್ಣ ನಡಿಗೆಗಳನ್ನು ಮುಗಿಸಿದ್ದರು. ಈ ವರ್ಷ ದೊಡ್ಡದಕ್ಕೆ ಹೋಗಲೇಬೇಕೆಂದು ಹಟ ಹಿಡಿದರು. ನನ್ನ ಗಂಡ ಹಲ್ಲಿನ ಸೆಟ್ಟು ಮಾಡುವ ಕೆಲಸದವರು, ದಿನವಿಡೀ ಮೇಣ, ಅಚ್ಚು, ದವಡೆ ಎಂದು ಇರುವವರು. ಯಾರಿಗೂ ಕಚ್ಚಿ ಮಾತಾಡಿ ಗೊತ್ತಿಲ್ಲ.

“ಅಮ್ಮಂಗೆ ಬಿಪಿ ಇದೆ. ಬೆಟ್ಟದ ಮೇಲೆ ಏನಾದ್ರೂ ಆದ್ರೆ? ನೀನೇ ಹೇಳು ಬೇಡ ಅಂತ.”

“ನಿಮ್ಮಮ್ಮ ರೀ. ನೀವು ಹೇಳಿ.”

“ನಾನು ಹೇಳಿದ್ರೆ ಅಳ್ತಾಳೆ. ನೀನು ಹೇಳಿದ್ರೆ ಜಗಳ ಆಡ್ತಾಳೆ. ಜಗಳ ವಾಸಿ ಅಲ್ವಾ?”

ಕೊನೆಗೆ ಡಾಕ್ಟರ ಬಳಿ ಹೋದೆವು. ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮ ಎದೆ ನೋಡಿ, ಕಾಲು ಒತ್ತಿ ನೋಡಿ, “ನಡೆಯೋದು ಒಳ್ಳೇದೇ. ಆದ್ರೆ ಬೆಳಗ್ಗೆ ಮಾತ್ರೆ ಒಂದಿನಾನೂ ತಪ್ಪಿಸ್ಬಾರ್ದು,” ಎಂದರು. ಅತ್ತೆ ತಲೆಯಾಡಿಸಿದರು. ನಮ್ಮ ಷರತ್ತೂ ಅದೇ ಆಯಿತು. ಮಾತ್ರೆ ಹೊಟ್ಟೆಗೆ ಹೋದರೆ ಅತ್ತೆ ಬೆಟ್ಟಕ್ಕೆ ಹೋಗಬಹುದು, ಇಲ್ಲದಿದ್ದರೆ ಇಲ್ಲ.

ದೊಡ್ಡ ನಡಿಗೆಗೆ ಮೊದಲು ಇವರು ‘ಚೀಲ ಬಿಚ್ಚುವುದು’ ಎಂಬ ಕಾರ್ಯಕ್ರಮ ಮಾಡುತ್ತಾರೆ. ನನ್ನ ಕಣ್ಣಿಗೆ ಅದು ಪಾಪನಿವೇದನೆಯೇ. ನೆಲಕ್ಕೆ ನನ್ನದೇ ಒಳ್ಳೆಯ ಹಾಸಿಗೆಬಟ್ಟೆ ಹಾಸಿ, ಒಬ್ಬೊಬ್ಬರೂ ತಮ್ಮ ಚೀಲವನ್ನು ಎಲ್ಲರೆದುರು ಬರಿದುಮಾಡಬೇಕು. ಗಡ್ಡ ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು, “ಹೋದ ಸಲ ಬಳಸಿದ್ರಾ?” ಎಂದು ಕೇಳುತ್ತಾನೆ. ಸುಳ್ಳು ಹೇಳುವಂತಿಲ್ಲ. ಬಳಸಿಲ್ಲ ಎಂದರೆ ಅದು ಆಚೆಯ ರಾಶಿಗೆ.

ಆ ಭಾನುವಾರ ನಾನು ಅಡುಗೆಮನೆಯ ಬಾಗಿಲಲ್ಲಿ ಮಗಳನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದೆ, ಒಲೆಯ ಮೇಲೆ ಹಾಲಿತ್ತು. ಮೊದಲು ಬ್ಯಾಂಕಿನ ಹುಡುಗಿಯ ಚೀಲದಿಂದ ಗಾಳಿ ತುಂಬುವ ದಿಂಬೊಂದು ಬಿತ್ತು.

“ದಿಂಬು!” ಎಂದು ಒಬ್ಬ ಗಡ್ಡ ಉಸಿರೆಳೆದುಕೊಂಡ, ಹಾವು ಬಿದ್ದಂತೆ.

“ಕತ್ತು ನೋವಿದೆ ನಂಗೆ,” ಎಂದಳು ಅವಳು ಸಣ್ಣ ದನಿಯಲ್ಲಿ.

“ಅಂಗಿ ಸುತ್ಕೊಂಡು ಮಲ್ಕೋಬಹುದಲ್ವಾ? ಹೋದ ಸಲ ಬಳಸಿದ್ರಾ?”

“ಊದೋಕೆ ಉಸ್ರೇ ಉಳಿದಿರ್ಲಿಲ್ಲ.”

ದಿಂಬು ರಾಶಿಗೆ ಹೋಯಿತು. ಮೇಷ್ಟ್ರ ಛತ್ರಿಯ ಮೇಲೆ ದೊಡ್ಡ ವಾದವೇ ನಡೆಯಿತು. ಛತ್ರಿ ಕೋಲೂ ಹೌದು, ಕೋಲು ಛತ್ರಿಯಲ್ಲ, ಆದ್ದರಿಂದ ಎರಡರ ಬದಲು ಒಂದನ್ನೇ ಒಯ್ಯುತ್ತೇನೆ ಎಂದು ಅವರು ಸಮೀಕರಣ ಬಿಡಿಸಿದಂತೆ ಬಿಡಿಸಿ ಹೇಳಿ ಗೆದ್ದರು. ಆಮೇಲೆ ಅತ್ತೆಯ ಸರದಿ.

ಅತ್ತೆಯ ಚೀಲದಲ್ಲಿ ತಪ್ಪು ಹುಡುಕುವುದು ಕಷ್ಟ. ಟವೆಲ್ಲಿನ ಅಂಚು ಕತ್ತರಿಸಿದ್ದರು, ಸೋಪು ಉಗುರಷ್ಟಿತ್ತು. ಕನ್ನಡಕದ ಪೆಟ್ಟಿಗೆಯನ್ನು ಬಿಟ್ಟು ಕನ್ನಡಕವನ್ನು ಕಾಲುಚೀಲದಲ್ಲಿ ಇಟ್ಟಿದ್ದರು. ಗಡ್ಡಗಳು ಮೆಚ್ಚಿ ತಲೆದೂಗಿದವು. ಕೊನೆಗೆ ಉಳಿದದ್ದು ಮಾತ್ರೆಯ ಒಂದು ಹಾಳೆ.

“ಹೋದ ಸಲ ಬಳಸಿದ್ರಾ?” ಎಂದ ಗಡ್ಡ ರೂಢಿಯಂತೆ.

“ಇಲ್ಲ,” ಎಂದರು ಅತ್ತೆ.

“ಹಾಗಾದ್ರೆ…” ಎಂದು ಅವನ ಕೈ ರಾಶಿಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ತನ್ನ ಕೈಯಲ್ಲಿ ಏನಿದೆ ಎಂದು ನೋಡಿಕೊಂಡ, ಕೈ ಅಲ್ಲೇ ನಿಂತಿತು. ಅತ್ತೆಗೂ ಆಗಲೇ ತಾವು ಹೇಳಿದ್ದೇನೆಂದು ತಿಳಿದದ್ದು. ಸತ್ಯ ಹೇಳುವ ಜಾಗದಲ್ಲಿ ಬಾಯಿ ತಾನಾಗಿ ಸತ್ಯ ಹೇಳಿಬಿಟ್ಟಿತ್ತು.

“ಎರಡು ದಿನ ಮಾತ್ರೆ ತಗೊಂಡಿಲ್ವಾ ಅತ್ತೆ?” ಎಂದೆ.

“ಏನೂ ಆಗ್ಲಿಲ್ವಲ್ಲ.”

“ಆಗಿದ್ರೆ ಹೇಳೋಕೆ ಇರ್ತಿದ್ರಾ? ಮನೇಲಿ ದಿನಾ ತಗೊಳ್ಳೋರು ಅಲ್ಲಿ ಯಾಕೆ ತಗೊಳ್ಳಿಲ್ಲ? ಈ ಹಾಳೆ ಭಾರ ಆಯ್ತಾ ನಿಮ್ಗೆ? ಗಾಳೀಗೆ ಹಾರೋಗುತ್ತೆ ಇದು!”

“ಅಕ್ಕ,” ಎಂದು ಗಡ್ಡ ಶಾಂತವಾಗಿ ನಡುವೆ ಬಂದ. “ಬೆಟ್ಟದಲ್ಲಿ ದೇಹ ಪ್ರಕೃತಿ ಜೊತೆ ಹೊಂದ್ಕೊಳ್ಳುತ್ತೆ. ಅಮ್ಮಂಗೆ ಅಲ್ಲಿ ಬೇಕಾಗಿಲ್ವೋ ಏನೋ.”

“ನೀನು ಬಾಯಿ ಮುಚ್ಕೊಂಡಿರು. ನಿನ್ನ ಗಡ್ಡ ಹೊಂದ್ಕೊಂಡಿದೆ ಪ್ರಕೃತಿ ಜೊತೆ, ಅದರಲ್ಲಿ ಏನೇನು ವಾಸ ಮಾಡ್ತಿದ್ಯೋ ದೇವ್ರಿಗೇ ಗೊತ್ತು. ಅತ್ತೆ ವಿಷ್ಯಕ್ಕೆ ಬರ್ಬೇಡ.”

ಹಿಂದೆ ಹಾಲು ಉಕ್ಕಿ ಒಲೆ ಆರಿತು. ಮಗಳು ನನ್ನ ದನಿಗೆ ಬೆದರಿ ಅಳತೊಡಗಿದಳು. ಭಕ್ತರು ತಮ್ಮ ತಮ್ಮ ಚೀಲ ತುಂಬಿಕೊಂಡು, ಒಬ್ಬರ ಹಿಂದೊಬ್ಬರು, ಚಪ್ಪಲಿಗೂ ಸದ್ದಾಗದಂತೆ ಹೊರಟುಹೋದರು. ಸಂಜೆ ನನ್ನ ಗಂಡ ಬಂದು ಎಲ್ಲವನ್ನೂ ಕೇಳಿ, ಎಂದೂ ಇಲ್ಲದವರು, ತಾಯಿಯ ಎದುರು ನಿಂತು “ಹೋಗೋದು ಬೇಡಮ್ಮ,” ಎಂದರು.

ಅತ್ತೆ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿ ಬಟಾಣಿ ಬಿಡಿಸಲು ಕೂತರು. ನಾಲ್ಕು ದಿನ ತಕ್ಕಡಿ ಖಾಲಿ ಬಿದ್ದಿತ್ತು. ನಾನು ನೆಮ್ಮದಿಯಾಗಿ ಹಿಟ್ಟು ತೂಗಬಹುದಿತ್ತು. ತೂಗಿದೆ, ಏನೂ ಸುಖವಾಗಲಿಲ್ಲ. “ಅತ್ತೆ, ಟೀ ಕೊಡ್ಲಾ?” ಎಂದರೆ “ಕೊಡು” ಎನ್ನುತ್ತಿದ್ದರು, ಲೋಟದ ತೂಕ ಎಷ್ಟೆಂದು ಕೈಯಲ್ಲಿ ಆಡಿಸಿ ನೋಡುತ್ತಿರಲಿಲ್ಲ. ಆಡಿಸಿದರೆ ನನಗೆ ರೇಗುತ್ತದೆ, ಆಡಿಸದಿದ್ದರೆ ಇನ್ನೂ ರೇಗುತ್ತದೆ ಎಂಬುದು ನನಗೇ ಆಗ ಗೊತ್ತಾದದ್ದು.

ಆ ವಾರ ಮಗಳಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಅತ್ತೆ ಇಲಿಮರಿಯನ್ನು ಎತ್ತಿಕೊಂಡರು, ನಾನು ಅದರ ಚೀಲ ಹೊತ್ತೆ. ಕ್ಲಿನಿಕ್ಕಿನ ಹತ್ತಿರದ ತಿರುವಿನಲ್ಲಿ ರಸ್ತೆ ಗುಡಿಸುತ್ತಿದ್ದರು, ಧೂಳೆದ್ದಿತು. ನನಗೆ ಸೀನು ಬಂತು. ನಾನು ನಡುರಸ್ತೆಯಲ್ಲೇ ಗಕ್ಕನೆ ನಿಂತು, ಕಾಲಿಗೆ ಕಾಲು ಹೆಣೆದುಕೊಂಡು, ಕಣ್ಣು ಮುಚ್ಚಿ ಸೀನಿದೆ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಹೋದ.

“ಏನೇ ಅದು, ಕೊಕ್ಕರೆ ಥರ?” ಎಂದರು ಅತ್ತೆ.

“ನಗ್ಬೇಡಿ. ಇವಳು ಹುಟ್ಟಿದ ಮೇಲೆ ಹೀಗೇ. ಕಾಲು ಹೆಣೀದೆ ಸೀನಿದ್ರೆ ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಬೇಕು. ಇವಳಿಗೆ ಎರಡು ಜೊತೆ ಬಟ್ಟೆ ಹೊರ್ತೀನಿ, ನಂಗೂ ಒಂದು ಜೊತೆ ಹೊರ್ಬೇಕಾಗಿದೆ.”

ಅತ್ತೆ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕರು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಮೇಲೆ, ಗೋಡೆಯನ್ನು ನೋಡುತ್ತಾ, ತಮ್ಮ ಮಟ್ಟಿಗೆ ಬಹಳ ಮೆಲ್ಲಗೆ, ಅಂದರೆ ನಮ್ಮ ಬೆಂಚಿಗೆ ಮಾತ್ರ ಕೇಳಿಸುವಂತೆ, ಹೇಳಿದರು. “ಆ ಮಾತ್ರೆ ತಗೊಂಡ್ರೆ ನಂಗೂ ತಡೆಯೋಕಾಗಲ್ಲ ಕಣೇ. ಗಳಿಗೆಗೊಂದ್ಸಲ ಹೋಗ್ಬೇಕು.”

ನಾನು ಅವರ ಮುಖ ನೋಡಿದೆ.

“ಮೊದಲ್ನೇ ನಡಿಗೇಲಿ ತಗೊಂಡಿದ್ದೆ. ನಾನು ನಿಂತ್ರೆ ಎಲ್ರೂ ನಿಲ್ಲೋರು. ಪೊದೆ ಹುಡುಕಿದ್ರೆ ಪೊದೇನೂ ಇಲ್ಲ, ಬರೀ ಹುಲ್ಲು. ಆ ಹುಡುಗ್ರು ಆಕಾಶ ನೋಡ್ಕೊಂಡು ಶಿಳ್ಳೆ ಹಾಕ್ತಾ ನಿಲ್ಲೋವು. ಆ ಗಡ್ಡ ಜೋರಾಗಿ ಕೂಗ್ದ, ‘ಅಮ್ಮ ದಣಿದ್ರು, ಎಲ್ರೂ ಕೂತ್ಕೊಳ್ಳಿ’ ಅಂತ. ದಣಿದಿದ್ದು ಯಾರು? ಅವನೇ ಎತ್ತಿನ ಥರ ಏದುಸಿರು ಬಿಡ್ತಿದ್ದ.”

“ಅದಕ್ಕೆ ಮಾತ್ರೆ ಬಿಟ್ರಾ?”

“ಮಾತ್ರೇನೂ ಬಿಟ್ಟೆ, ನೀರೂ ಬಿಟ್ಟೆ. ನಂಗೇನು ಹೊಸದಾ? ಆ ವೇಬ್ರಿಡ್ಜ್ ಗೂಡಲ್ಲಿ ಪಾಯಿಖಾನೆ ಎಲ್ಲಿತ್ತು? ಲಾರಿಯೋರಿಗೆ ರಸ್ತೆ ಉದ್ದಕ್ಕೂ ಜಾಗ. ನಂಗೆ? ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡೀದೆ ಕೂತಿರ್ತಿದ್ದೆ. ಮಧ್ಯಾಹ್ನ ಪೆಟ್ರೋಲ್ ಬಂಕಿನ ತನಕ ನಡೆದ್ಹೋಗಿ ಬರೋದು. ಸರ್ವಿಸ್ ಪೂರ್ತಿ ಹಾಗೇ ತಡ್ಕೊಂಡೆ. ಇನ್ನೊಂದು ವಾರ ತಡ್ಕೊಳ್ಳಲ್ವಾ ಅಂದ್ಕೊಂಡೆ.”

ನನಗೆ ಬಂದ ಸಿಟ್ಟಿಗೆ ಯಾವ ಹೆಸರಿಡಲಿ? ಅವರ ಮೇಲೆ ಬಂತು, ಆ ಗೂಡು ಕಟ್ಟಿದವನ ಮೇಲೆ ಬಂತು. ಗಡ್ಡಗಳ ಮೇಲಂತೂ ಇದ್ದೇ ಇತ್ತು. ಪ್ರಾಣ ಬಿಡಲು ಬೇಕಾದರೆ ಸಿದ್ಧ ಈ ಹೆಂಗಸು, ‘ಉಚ್ಚೆಗೆ ಹೋಗಬೇಕು’ ಎಂಬ ಮಾತು ಮಾತ್ರ ಬಾಯಿಂದ ಹೊರಡುವುದಿಲ್ಲ.

“ನಂಗಾದ್ರೂ ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ಹಗುರ, ಭಾರ ಅಂತ ದೊಡ್ಡದಾಗಿ ಮಾತಾಡ್ಕೊಂಡು ಓಡಾಡ್ತೀನಿ, ಹೊರೋಕಾಗದೇ ಇರೋದು ಇದು ಅಂತ ಹೇಳ್ಲಾ?”

ಚುಚ್ಚುಮದ್ದು ಹಾಕಿಸಿಕೊಂಡು ಇಲಿಮರಿ ಊರು ಹಾರಿಹೋಗುವಂತೆ ಕಿರುಚುತ್ತಿರುವಾಗಲೇ ಡಾಕ್ಟರಮ್ಮನಿಗೆ ನಾನು ಎಲ್ಲವನ್ನೂ ಹೇಳಿದೆ. ಅತ್ತೆ ನೆಲ ನೋಡುತ್ತಿದ್ದರು. ಡಾಕ್ಟರಮ್ಮ ನಗಲಿಲ್ಲ. “ಇದು ನೀರು ಇಳಿಸೋ ಮಾತ್ರೆ, ಹಾಗೇ ಆಗುತ್ತೆ. ರಾತ್ರಿ ತಗೊಂಡ್ರೆ ಕತ್ತಲಲ್ಲಿ ಎದ್ದೆದ್ದು ಹೋಗಿ ಕಾಲು ಮುರ್ಕೋತೀರ. ಬೆಳಗ್ಗೇನೇ ತಗೊಳ್ಳಿ, ನೀರು ಕುಡೀರಿ, ಬಂದಾಗ ಹೋಗಿ. ನಾಚ್ಕೊಂಡ್ರೆ ಬೆಟ್ಟಕ್ಕೆ ಹೋಗ್ಬೇಡಿ,” ಎಂದರು. ಅಲ್ಲಿಗೆ ಔಷಧಿಯ ದಾರಿ ಮುಚ್ಚಿತು. ಉಳಿದದ್ದು ಮಾತಿನ ದಾರಿ.

ಮನೆಗೆ ಬಂದು ಬ್ಯಾಂಕಿನ ಹುಡುಗಿಗೆ ಫೋನ್ ಮಾಡಿದೆ. ಅತ್ತೆಯ ಜೊತೆ ಸ್ವಲ್ಪ ಹಿಂದೆ ನಡೆಯುತ್ತೀಯಾ ಎಂದು ಕೇಳೋಣವೆಂದು. ನಾನು ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ಅವಳೇ, “ಅಯ್ಯೋ ಅಕ್ಕ, ಅಮ್ಮನೂನಾ?” ಎಂದಳು.

“ಅಮ್ಮನೂ ಅಂದ್ರೆ?”

“ನಾವು ಮೂರೂ ಜನ ನಡಿಗೇಲಿ ನೀರು ಕುಡಿಯಲ್ಲ ಅಕ್ಕ. ಹೋದ ವರ್ಷ ನಂಗೆ ಉರಿಮೂತ್ರ ಆಗಿ ಹದಿನೈದು ದಿನ ರಜಾ ಹಾಕಿದ್ದೆ. ಬ್ಯಾಂಕಲ್ಲಿ ಜ್ವರ ಅಂದೆ.”

“ಹಾಗಂತ ಆ ಗಡ್ಡಗಳಿಗೆ ಹೇಳಿದ್ರಾ?”

“ಛೀ, ಹೇಗೆ ಹೇಳೋದು?”

ಫೋನಿಟ್ಟೆ. ಹಲ್ಲುಜ್ಜುವ ಪೇಸ್ಟನ್ನು ಎಷ್ಟು ಹಿಂಡಬೇಕೆಂಬುದಕ್ಕೆ ನಿಯಮವಿರುವ ಮತ ಇದು. ಟೆಂಟಿನ ಮೊಳೆಯನ್ನು ಯಾವ ಓರೆಯಲ್ಲಿ ಹೊಡೆಯಬೇಕೆಂದು ಇವರು ಒಂದು ಇಡೀ ಮಧ್ಯಾಹ್ನ ನನ್ನ ನಡುಮನೆಯಲ್ಲಿ ವಾದಿಸಿದ್ದಾರೆ. ನಾಲ್ಕು ಹೆಂಗಸರು ಬಾಯಾರಿ ನಡೆಯುತ್ತಿದ್ದಾರೆಂಬುದು ಇವರ ಯಾವ ಶಾಸ್ತ್ರದಲ್ಲೂ ಇಲ್ಲ.

ಮುಂದಿನ ಭಾನುವಾರ ಭಕ್ತರು ಹೆದರಿ ಹೆದರಿಯೇ ಬಂದರು. ನಾನು ಕರೆಸಿದ್ದೆ. ಒಲೆ ಆರಿಸಿ, ಮಗಳ ಕೈಗೆ ಬಿಸ್ಕತ್ತು ಕೊಟ್ಟು, ಹೇಳಬೇಕಾದ ಮಾತನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡು ನಿಂತಿದ್ದೆ. ಅತ್ತೆ ಬಂದು ನನ್ನ ತೋಳು ಹಿಡಿದರು.

“ನೀನು ಸುಮ್ನಿರು. ನೀನು ಶುರು ಮಾಡಿದ್ರೆ ಗಡ್ಡದಿಂದ ಶುರು ಮಾಡ್ತೀಯ. ನಂದು ನಾನೇ ಹೇಳ್ತೀನಿ.”

ನಡುಮನೆಯ ಮಧ್ಯೆ ನಿಂತರು. ಒಂದು ಸಲ ಗಂಟಲು ಸರಿಮಾಡಿಕೊಂಡರು. ಮುಖ ಕೆಂಪಗಾಗಿತ್ತು. ನಾನು ಇನ್ನು ಇವರ ಕೈಲಿ ಆಗುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಲಾರಿಗಳ ಸದ್ದಿನ ಮೇಲೆ ಮಾತಾಡಿದ ದನಿ ಹೊರಬಂತು.

“ನಾನು ಮಾತ್ರೆ ಯಾಕೆ ತಗೊಳ್ಳಿಲ್ಲ ಅಂತ ಕೇಳಿದ್ರಲ್ಲ. ತಗೊಂಡ್ರೆ ಉಚ್ಚೆ ಬರುತ್ತೆ. ಅದಕ್ಕೆ ತಗೊಳ್ಳಿಲ್ಲ. ಈ ಹೆಣ್ಮಕ್ಳು ಮೂರೂ ಜನ ಬೆಳಗ್ಗೆಯಿಂದ ಸಂಜೆ ತನಕ ನೀರು ಕುಡಿಯಲ್ಲ, ಅದೂ ಅದಕ್ಕೇನೇ. ಇನ್ಮೇಲೆ ಗಂಟೆಗೊಂದ್ಸಲ ಎಲ್ರೂ ನಿಲ್ಬೇಕು. ಗಂಡಸ್ರು ಮುಂದಿನ ತಿರುವಿನ ತನಕ ಹೋಗಿ ಆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಶಿಳ್ಳೆ ಹಾಕ್ಬೇಡಿ. ಯಾರೂ ನನ್ನನ್ನ ದಣಿದ್ಲು ಅನ್ಬೇಡಿ.”

ಎದುರುಮನೆಯ ಕಿಟಕಿಯೊಂದು ತೆರೆದು ಮತ್ತೆ ಮುಚ್ಚಿಕೊಂಡ ಸದ್ದು ಕೇಳಿಸಿತು. ಒಳಕೋಣೆಯಲ್ಲಿ ನನ್ನ ಗಂಡ ಯಾರದೋ ಮೇಲಿನ ಸಾಲಿನ ಹಲ್ಲುಗಳನ್ನು ಬಹಳ ಶ್ರದ್ಧೆಯಿಂದ ಉಜ್ಜುತ್ತಿದ್ದರು. ಬ್ಯಾಂಕಿನ ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಮಾತ್ರ ಕುಣಿಯುತ್ತಿತ್ತು.

ಮೊದಲು ಬಾಯಿ ಬಿಟ್ಟವರು ಮೇಷ್ಟ್ರು. “ನಿಜ ಹೇಳ್ಬೇಕಂದ್ರೆ ನಂಗೂ ಅನುಕೂಲವೇ,” ಎಂದರು ಛತ್ರಿಯ ಹಿಡಿ ನೋಡುತ್ತಾ. “ನಂಗೂ ವಯಸ್ಸಾಯ್ತಲ್ಲ. ನಾನು ಫೋಟೋ ತೆಗೆಯೋ ನೆಪದಲ್ಲಿ ಹಿಂದೆ ಉಳೀತಿದ್ದೆ.”

“ಅಷ್ಟೊಂದು ಫೋಟೋ ತೆಗ್ದಿದ್ರಲ್ಲ, ಒಂದೂ ಕಳಿಸಿಲ್ಲ ಅಂದ್ಕೊ‍ಳ್ತಿದ್ದೆ,” ಎಂದ ಒಬ್ಬ ಗಡ್ಡ.

ನಮ್ಮ ಮಹಡಿಯ ಗಡ್ಡ ಮಾತ್ರ ಹಣೆ ಗಂಟಿಕ್ಕಿಕೊಂಡು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದ. “ಅಮ್ಮ, ಗಂಟೆಗೊಂದ್ಸಲ ನಿಂತ್ರೆ ದಿನಕ್ಕೆ ಅಂದ್ಕೊಂಡಿರೋ ದೂರ ಆಗಲ್ವಲ್ಲ?”

“ಆಗ್ದಿದ್ರೆ ಒಂದಿನ ತಡ ಆಗುತ್ತೆ. ಅಲ್ಲಿ ನಿಂಗೆ ಕಾಯ್ತಾ ಇರೋರು ಯಾರಪ್ಪಾ?”

ಅವನು ಸ್ವಲ್ಪ ಯೋಚಿಸಿ, “ಯಾರೂ ಇಲ್ಲ,” ಎಂದ.

“ಮತ್ತೆ?”

“ಮತ್ತೆ ಏನೂ ಇಲ್ಲಮ್ಮ. ನಿಲ್ಲೋಣ.” ಆಮೇಲೆ ನನ್ನ ಕಡೆ ನೋಡದೆ, “ನಂಗೆ ಗೊತ್ತೇ ಆಗ್ಲಿಲ್ಲ ಅಕ್ಕ,” ಎಂದ. ಅವನನ್ನು ಬೈಯಲು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಳಿಯೇ ಉಳಿದವು. ಹಾಳಾಗುವ ಪದಾರ್ಥವಲ್ಲ, ಮುಂದೆಂದಾದರೂ ಬೇಕಾಗುತ್ತವೆ.

ನನ್ನ ಗಂಡ ಹಲ್ಲಿನ ಸೆಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. “ಅಮ್ಮ, ದಿನಾ ತಗೋತೀಯ ತಾನೇ?”

“ತಗೋತೀನಿ.”

“ಯಾರು ನೋಡ್ತಾರೆ?”

“ನಾನು ನೋಡ್ತೀನಿ,” ಎಂದಳು ಬ್ಯಾಂಕಿನ ಹುಡುಗಿ ಮುಖದಿಂದ ಕೈ ತೆಗೆದು. “ಅಮ್ಮ ಮಾತ್ರೆ ತಗೋಬೇಕು, ನಾನು ನೀರು ಕುಡೀಬೇಕು. ಅವರು ನನ್ನ ನೋಡ್ಲಿ, ನಾನು ಅವರನ್ನ ನೋಡ್ತೀನಿ. ಮತ್ತೆ, ದಿಂಬು ವಾಪಸ್ ಹಾಕ್ಕೋತೀನಿ.”

ದಿಂಬಿಗೆ ಯಾರೂ ಅಡ್ಡಿ ಹೇಳಲಿಲ್ಲ. ನನ್ನ ಗಂಡ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿ ಒಳಗೆ ಹೋದರು.

ಹೊರಡುವ ಬೆಳಗ್ಗೆ ನಾನೂ ಮಗಳೂ ಬಸ್ ನಿಲ್ದಾಣದವರೆಗೆ ಹೋದೆವು. ಅತ್ತೆ ಬೆಂಚಿನ ಮೇಲೆ ಕೂತು ಮಾತ್ರೆ ಬಾಯಿಗೆ ಹಾಕಿಕೊಂಡು, ಬಾಟಲಿಯ ನೀರನ್ನು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಸೇಡು ತೀರಿಸಿಕೊಳ್ಳುವವರಂತೆ, ತಳ ಕಾಣುವವರೆಗೂ ಕುಡಿದರು. ಭಕ್ತರೆಲ್ಲ ಬಸ್ಸು ಹತ್ತಿದರು. ಚೀಲಗಳು ಮೇಲೇರಿದವು. ಡ್ರೈವರ್ ಎಂಜಿನ್ ಶುರು ಮಾಡಿ ಹಾರ್ನ್ ಹೊಡೆದ. ನೋಡಿದರೆ ಅತ್ತೆ ಇಲ್ಲ.

“ಇನ್ನೂ ಯಾರ್ ಬರ್ಬೇಕು?” ಎಂದು ಕಂಡಕ್ಟರ್ ಕೂಗಿದ.

“ಒಬ್ರು ಬರ್ಬೇಕು ಸಾರ್, ಒಂದ್ನಿಮಿಷ,” ಎಂದ ಗಡ್ಡ.

“ಎಲ್ಲಿಗ್ ಹೋದ್ರು? ಹೊತ್ತಾಯ್ತು ನಮ್ಗೆ. ಏನ್ ತರೋಕೆ ಹೋದ್ರು?”

ಬಸ್ಸಿನ ತುಂಬ ಜನ ಇವನನ್ನೇ ನೋಡುತ್ತಿದ್ದರು. ಗಡ್ಡದ ಒಳಗೆ ಮುಖ ಕೆಂಪಾಗುವುದು ಹೊರಗೆ ನಿಂತ ನನಗೂ ಕಾಣಿಸಿತು.

“ಉಚ್ಚೆಗೆ ಹೋಗಿದ್ದಾರೆ,” ಎಂದ ಸಾಕಷ್ಟು ಜೋರಾಗಿಯೇ. “ಕಾಯ್ಬೇಕು.”

ಕಂಡಕ್ಟರ್ ಏನೋ ಗೊಣಗಿಕೊಂಡ. ಆಗ ಮೂರನೇ ಸಾಲಿನಿಂದ ಬ್ಯಾಂಕಿನ ಹುಡುಗಿ ಎದ್ದು, “ಹಾಗಾದ್ರೆ ನಾನೂ ಹೋಗಿ ಬರ್ತೀನಿ,” ಎಂದು ಇಳಿದಳು. ಅವಳ ಹಿಂದೆ ಗೆಳತಿಯರಿಬ್ಬರು ಇಳಿದರು. ಭಕ್ತರ ಪೈಕಿ ಅಲ್ಲವೇ ಅಲ್ಲದ, ಮಡಿಲಲ್ಲಿ ತರಕಾರಿ ಚೀಲವಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದ ಒಬ್ಬ ಅಜ್ಜಿ ಅತ್ತಿತ್ತ ನೋಡಿ, “ಬಸ್ಸು ನಿಂತೇ ಇರುತ್ತಾ? ಒಸಿ ಕೈ ಕೊಡಮ್ಮಾ,” ಎಂದು ಅವರೂ ಇಳಿದರು. ಕೊನೆಗೆ ಮೇಷ್ಟ್ರು ಛತ್ರಿ ಹಿಡಿದು ಇಳಿದರು.

ಡ್ರೈವರ್ ಎಂಜಿನ್ ಆರಿಸಿದ.